ಎಡಗಾಲಿನ ವಿಚಾರ

ಗುರಿಕಾರ ಎಷ್ಟು ಎತ್ತರ ಇದ್ದ ಎಂದು ಮಕ್ಕಳು ಕೇಳುತ್ತಾರೆ.
ಹಂಚಿನ ಕಾರ್ಖಾನೆಯ ಹಳೇ ಚಿಮಣಿ ಅವನ ಸೊಂಟಕ್ಕೆ ಬರುತ್ತಿತ್ತು, ಅಷ್ಟು.
ಮೇಲೆ ತಲೆಯೊಳಗೆ ಒಂದು ಕುರ್ಚಿ,
ಕುರ್ಚಿಯಲ್ಲಿ ದಳಪತಿ ಜಲಜಾ ಕರ್ಕೇರ.
ಕೆಳಗೆ ಎಡ ಮೊಣಗಂಟಿನೊಳಗೆ
ಟಾರ್ಚು ಬಾಯಲ್ಲಿ ಕಚ್ಚಿಕೊಂಡು ನಾನು, ಇದಿನಬ್ಬ,
ಬೈಕಂಪಾಡಿಯ ವೆಲ್ಡರ್.
ನಡುವೆ ನಲವತ್ತು ಮೀಟರ್ ಕಬ್ಬಿಣ,
ಒಂದು ತಾಮ್ರದ ತಂತಿ.

ಆ ತಂತಿಯಲ್ಲಿ ಅವರ ದನಿ ಬರುತ್ತಿತ್ತು:
"ಇದಿನಬ್ಬಾ, ಕಾಲು ಅಳುತ್ತದೆ."
ಕೀಲು ಕಿರುಗುಟ್ಟುವುದಕ್ಕೆ ಅವರ ಮಾತು ಅದು.
ಗ್ರೀಸು ಮುಗಿದ ತಿಂಗಳು ನಾನು ಬೂತಾಯಿ ಎಣ್ಣೆ ಹೊಯ್ದೆ.
ಆಮೇಲೆ ನಾವು ನಡೆದಲ್ಲೆಲ್ಲ ಬೆಕ್ಕುಗಳು,
ಕೂಳೂರಿನಿಂದ ಬೋಳಾರದವರೆಗೆ,
ಯುದ್ಧಕ್ಕೆ ಹೊರಟ ಸೈನ್ಯದ ಹಿಂದೆ ಬಾಲ ಎತ್ತಿದ ಇನ್ನೊಂದು ಸೈನ್ಯ.
ಅವರು ನಗಲಿಲ್ಲ. ಲಾಗ್ ಪುಸ್ತಕದಲ್ಲಿ ಬರೆದರು:
ಬೆಂಗಾವಲು ಸಿಕ್ಕಿದೆ.

ವೀರವನಿತೆ ಎಂದು ಬರೆಯುವವರು ಬರೆಯಲಿ.
ನಾನು ಕಂಡದ್ದು,
ಏಣಿ ಹತ್ತುವ ಮುಂಚೆ ಚಪ್ಪಲಿ ಬಿಚ್ಚಿ
ಗುರಿಕಾರನ ಹೆಬ್ಬೆರಳ ಹತ್ತಿರ ಜೋಡಿಸಿ ಇಡುವುದು,
ವಾಪಸು ಬರುವುದು ಖಂಡಿತ ಎಂಬ ಹಾಗೆ.
ತೊಕ್ಕೊಟ್ಟಿನಲ್ಲಿ ಮೂರು ಯಂತ್ರ ಸುಟ್ಟ ರಾತ್ರಿ
ಮೂರೂ ಹುಡುಗರ ಮನೆಗೆ ನಡೆದೇ ಹೋದದ್ದು.
ಮೂರನೆಯ ಮನೆಯಲ್ಲಿ ಲವೀನಾ ಬಾಯಿ ಬಾಗಿಲು ತೆಗೆಯಲಿಲ್ಲ.
ಬೆಳಗಿನವರೆಗೆ ಜಗಲಿಯಲ್ಲಿ ಕೂತರು.
ಕೊನೆಗೆ ಚಹಾ ಬಂತು, ಒಂದೇ ಲೋಟ.
ಮಾತು ಬರಲಿಲ್ಲ.

ಇನ್ನು ಅಳಿವೆ ಬಾಗಿಲ ಕಥೆ.
ಅದು ನಿಮಗೆ ಗೊತ್ತುಂಟು, ಶಾಲೆಯ ಪಾಠದಲ್ಲಿ ಉಂಟು:
ಕಡಲಿನಿಂದ ಶತ್ರುವಿನ ಹನ್ನೊಂದು ಯಂತ್ರ ಎದ್ದವು,
ಭುಜದಿಂದ ನೀರಿಳಿಸುತ್ತಾ.
ಹಿಂದೆ ಸರಿಯಿರಿ ಎಂದು ಪಣಂಬೂರಿನಿಂದ ಆಜ್ಞೆ.
ಮೀನಿಗೆ ಹೋದ ಮೂವತ್ತೆಂಟು ದೋಣಿ ಇನ್ನೂ ಹೊರಗೆ.
ದಳಪತಿ ಸರಿಯಲಿಲ್ಲ.
ಎರಡು ನದಿ ಸೇರಿ ಕಡಲಿಗೆ ಬೀಳುವಲ್ಲಿ
ಎಡ ಮೊಣಕಾಲೂರಿ ಕೂತರು,
ಬಿದ್ದ ಗುಂಡೆಲ್ಲ ಗುರಿಕಾರನ ಎದೆಗೆ,
ಬಲತೊಡೆಯ ಕೆಳಗೆ ನುಗ್ಗಿ ದೋಣಿಗಳು ಒಳಗೆ.
ಸರಿ. ಎಲ್ಲ ಸರಿ.
ಒಂದು ಬಿಟ್ಟು.

ನಾನು ಒಳಗಿದ್ದೆನಲ್ಲ.
ಗುರಿಯಿಡಲು ಕೂತದ್ದು ನಿಜ. ಏಳಲಿಕ್ಕೆ ಆಗಲಿಲ್ಲ.
ಹಿಂದಿನ ರಾತ್ರಿ ನಾನು ಹಾಕಿದ ಬೆಸುಗೆ,
ನಿದ್ದೆಗಣ್ಣಿನ ಬೆಸುಗೆ, ಬೆರಳಷ್ಟು ಆಚೆ.
ಆಜ್ಞೆ ಬಂದ ಕೂಡಲೇ ಅವರು ಏಳಲು ನೋಡಿದರು, ಹೌದು,
ಹಲ್ಲಿಗೆ ಹಲ್ಲು ಕಚ್ಚಿಕೊಂಡಿತು.
"ಬಿಡಿಸಲಿಕ್ಕೆ ಎಷ್ಟು ಹೊತ್ತು?"
"ಅರ್ಧ ಗಂಟೆ."
ತಂತಿಯಲ್ಲಿ ಬರೀ ಉಸಿರು.
ಆಮೇಲೆ, ಬಂಗುಡೆಗೆ ಚೌಕಾಸಿ ಮಾಡುವ ದನಿಯಲ್ಲಿ:
"ಹಾಗಾದರೆ ಬೇಡ ಮಾರಾಯ.
ಬಲಗಾಲಿನ ಕೆಳಗೆ ದೋಣಿ ಹೋಗುವಷ್ಟು ಜಾಗ ಉಂಟಾ,
ನೋಡಿ ಹೇಳು."

ಮೂವತ್ತೇಳು ದೋಣಿ ಬಂತು.
ಮೂವತ್ತೆಂಟನೆಯದು ಬರಲಿಲ್ಲ. ಪಾಠದಲ್ಲಿ ಅದಿಲ್ಲ.

ತನಿಖೆಯವರು ಮೊಣಗಂಟು ಬಿಚ್ಚಬೇಕೆಂದರು.
ದಳಪತಿ, ಒಂದು ಕಿವಿಯಲ್ಲಿ ಹತ್ತಿ,
ಲಾಗ್ ಪುಸ್ತಕ ಮುಂದೆ ತಳ್ಳಿದರು:
ಎಡಗಾಲು ಸರಿಯಿತ್ತು. ನಾನೇ ನಿಲ್ಲಿಸಿದೆ.
ನನ್ನ ಕಡೆ ನೋಡಲೂ ಇಲ್ಲ.

ಗುರಿಕಾರ ಈಗಲೂ ಅಲ್ಲೇ, ಸೊಂಟದವರೆಗೆ ಮರಳು.
ಮೊಣಗಂಟಿಗೆ ಪಚ್ಚಿಲೆ ಹಿಡಿದಿದೆಯಂತೆ,
ಬೆಂಗ್ರೆಯ ಹುಡುಗರು ಮುಳುಗಿ ಕಿತ್ತು ತರುತ್ತಾರೆ.
ತುಂಬ ರುಚಿ ಅನ್ನುತ್ತಾರೆ.
ನಾನು ತಿನ್ನುವುದಿಲ್ಲ.

ಮೊನ್ನೆ ಬೆಂಗ್ರೆ ಫೆರಿಯಲ್ಲಿ ಸಿಕ್ಕಿದರು.
ಕೈಚೀಲದಲ್ಲಿ ಮೀನು, ಕೂದಲು ಪೂರ್ತಿ ಬೆಳ್ಳಗೆ.
ಇಳಿಯುವಾಗ ಅವರ ಎಡಗಾಲು ಮೆಟ್ಟಿಲಲ್ಲೇ ನಿಂತುಬಿಟ್ಟಿತು.
ಹಿಂದೆ ಜನ, ಸೈಕಲು, ಒಂದು ಕೋಳಿ ಬುಟ್ಟಿ.
ನಾನು ಕೈ ಕೊಟ್ಟೆ.
ಕಿಡಿ ಹಾರಿ ಕಲೆಬಿದ್ದ ಆ ಕೈಯನ್ನು
ಸ್ವಲ್ಪ ಹೊತ್ತು ನೋಡಿದರು. ಹಿಡಿಯಲಿಲ್ಲ.
"ಕಾಲು ಸರಿಯುಂಟು," ಎಂದರು, ಎಲ್ಲರಿಗೂ ಕೇಳುವ ಹಾಗೆ,
"ನಾನೇ ನಿಲ್ಲಿಸಿದ್ದು."